ನನ್ನ ಗಿಟಾರಿನ ದನಿ ಇಳಿಸಿದವಳಿಗೆ

ಮಿನಾಜ್,

ನಿನ್ನ ಮೆಸೇಜು ಓದಿದೆ. "ಕಸ್ತೂರಕ್ಕಾ, ಆ ಹುಡುಗಿಗಿ ಹೇಳೂ ಜರೂರತ್ ಏನಿತ್ತು ನಿನಗ? ಖುಷೀಲೆ ಇದ್ದಳಲ್ಲ ಆಕಿ" ಎಂದು ಕೇಳಿದ್ದೀಯ. ಇಂಥ ಪ್ರಶ್ನೆಗೆ ಫೋನಿನ ಮೇಲೆ ಹೆಬ್ಬೆರಳು ಕುಟ್ಟಿ ಉತ್ತರ ಕೊಡಲು ನನಗಾಗಲಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ನಡುವೆ ಬಿಟ್ಟು ಏಳಬೇಡ. ನಿಮ್ಮ ಮನೆಯ ಮೇಲಿನ ಕೋಣೆಯಲ್ಲಿ ನಾನು ಅಷ್ಟೊಂದು ಭಾನುವಾರ ನಿಂತಿದ್ದೇನೆ, ನೀನು ಒಂದು ಸಲ ಕೂತು ಓದಬಹುದು.

ವಿಜಯಪುರದ ಕನ್ನಡಕದ ಅಂಗಡಿಯೊಂದರಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಜೊತೆಗಿದ್ದವರು. ನೀನು ಒಳಗೆ ಕಣ್ಣು ಪರೀಕ್ಷೆಯ ಕೋಣೆಯಲ್ಲಿ, ನಾನು ಹೊರಗೆ ಫ್ರೇಮುಗಳ ಕಪಾಟಿನ ಮುಂದೆ. ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ ನಿನಗೆ, ನಿನ್ನ ಡಬ್ಬಿಯ ಖಿಚಡಿ ನನಗೆ. ನಾನು ಮೊಬೈಲು ನೋಡಿಕೊಂಡು ಗಿಟಾರ್ ಕಲಿಯುತ್ತಿದ್ದ ಸಂಗತಿ ನನ್ನ ಗಂಡನನ್ನು ಬಿಟ್ಟರೆ ಗೊತ್ತಿದ್ದದ್ದು ನಿನಗೊಬ್ಬಳಿಗೇ. ತಿಕೋಟಾದ ನಮ್ಮ ಮನೆಯ ಮಾಳಿಗೆ ಮೇಲೆ, ಒಣಹಾಕಿದ ಮೆಣಸಿನಕಾಯಿಯ ಪಕ್ಕದಲ್ಲಿ ಕೂತು ಬಾರಿಸುತ್ತಿದ್ದೆ. ತಪ್ಪಿದರೆ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಕೇಳುವವರೇ ಇಲ್ಲದ ಮೇಲೆ ಎಷ್ಟು ಸಲ ಶುರು ಮಾಡಿದರೇನು? ಎಡಗೈ ಬೆರಳುಗಳ ತುದಿ ಗಟ್ಟಿಯಾದದ್ದನ್ನು ಮುಟ್ಟಿ ನೋಡಿ ಸೋಮು, "ತವರಮನಿಗೆ ಹೋಗಿ ಕಡ್ಲಿ ಕಿತ್ತ ಬಂದಿಯೇನು?" ಎಂದು ನಗುತ್ತಿದ್ದ. ಅವನಿಗೆ ಅದು ಹೆಂಡತಿಯ ಒಂದು ಆಟ. ಹಾವಳಿ ಇಲ್ಲದ ಆಟ, ಇರಲಿ ಎಂದು ಬಿಟ್ಟಿದ್ದ.

ನೀನು ಬಿಡಲಿಲ್ಲ. "ಒಬ್ಬಾಕಿನ ಬಾರಿಸಿ ಬಾರಿಸಿ ಹುಚ್ಚಾಕಿ ಬೇ. ಸಮ್ಯಕ್‌ನ ಹಾಡಿನ ಗುಂಪಿಗೆ ಗಿಟಾರಿನವರು ಬೇಕಾಗ್ಯಾರ. ಐತವಾರ ಐತವಾರ ನಮ್ಮ ಮನಿ ಮ್ಯಾಲೇ ಕೂಡ್ತಾರ. ನೀ ಬಾ, ನಾ ಇರತೇನಿ" ಎಂದೆ. 'ನಾ ಇರತೇನಿ' ಎಂದದ್ದರಿಂದಲೇ ನಾನು ಬಂದದ್ದು. ಅದೊಂದು ಮಾತು ಇಲ್ಲದಿದ್ದರೆ ಈ ಕಾಗದವೂ ಇರುತ್ತಿರಲಿಲ್ಲ.

ಆ ಭಾನುವಾರ ಬೆನ್ನಿಗೆ ಗಿಟಾರ್ ಹಾಕಿಕೊಂಡು ಬಸ್ಸು ಹತ್ತಿದಾಗ ಕಂಡಕ್ಟರು, "ಅಕ್ಕಾರ, ಅದಕ್ಕೂ ಒಂದ ಟಿಕೆಟ್ ಹರೀಲೇನ್ರಿ?" ಎಂದು ಕೇಳಿದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಿನ್ನ ಅಪ್ಪ ಪೀರಸಾಬರ ಮೈಕ್‌ಸೆಟ್ಟಿನ ಅಂಗಡಿ, ಅದಕ್ಕೆ ಅಂಟಿದ ಮನೆ, ಮೇಲಿನ ಕೋಣೆ. ಗೋಡೆಗೆಲ್ಲ ಹಳೆಯ ಗಾದಿಗಳನ್ನು ಆನಿಸಿದ್ದಿರಿ. ಫ್ಯಾನು ಸದ್ದು ಮಾಡುತ್ತದೆಂದು ಬಂದ್ ಮಾಡಿದ್ದಿರಿ. ಕೀಬೋರ್ಡಿನ ಹಿಂದೆ ಸಮ್ಯಕ್, ಬಟ್ಟೆ ಅಂಗಡಿಯವರ ಮಗ. ಹಾಡುವವನೂ ಅವನೇ, ಯಜಮಾನನೂ ಅವನೇ. ಡ್ರಮ್ಮಿನ ಹಿಂದೆ ಟ್ರ್ಯಾಕ್ಟರ್ ಷೋರೂಮಿನ ಮಾಳು. ನೀನು ಕಿಟಕಿಯ ಕಡೆ ಮಿಕ್ಸರಿನ ಮುಂದೆ ಕೂತಿದ್ದೆ. ಎಲ್ಲರ ದನಿಯೂ ವೈರಿನಲ್ಲಿ ಹರಿದು ನಿನ್ನ ಕೈಯ ಕೆಳಗೆ ಬಂದು, ಅಲ್ಲಿಂದ ಎರಡು ದೊಡ್ಡ ಸ್ಪೀಕರಿಗೆ ಹೋಗುತ್ತಿತ್ತು. ಹುಟ್ಟಿದಾಗಿನಿಂದ ವೈರುಗಳ ನಡುವೆ ಬೆಳೆದವಳು ನೀನು, ಕಣ್ಣು ಮುಚ್ಚಿಕೊಂಡೂ ಯಾವ ಗುಂಡಿ ಯಾರದೆಂದು ಹೇಳುತ್ತಿದ್ದೆ.

ಶುರುವಾದ ಕೂಡಲೇ ಸಮ್ಯಕ್ ಕೈ ಎತ್ತಿದ. "ನಿಮ್ಮ ಗಿಟಾರಿನ ಶ್ರುತಿ ಅರ್ಧ ಮನಿ ಇಳದೈತ್ರಿ. ಇಷ್ಟ ದಿನಾ ಹಿಂಗ ಬಾರಸೀರೇನು?" ಹೌದು, ಇಷ್ಟು ದಿನವೂ ಹಾಗೇ ಬಾರಿಸಿದ್ದೆ. ತಂತಿಗೆ ತಂತಿ ಹೊಂದಿದ್ದರೆ ಸಾಕು ಎಂದುಕೊಂಡಿದ್ದೆ. ಒಬ್ಬಳೇ ಇರುವವಳಿಗೆ ಬೇರೆ ಯಾರಿಗೆ ಹೊಂದಬೇಕಿತ್ತು? ಅವನು ನನ್ನ ಕೈಯಿಂದ ಗಿಟಾರು ತೆಗೆದುಕೊಂಡು, ನನ್ನನ್ನು ನೋಡದೆ, ಅದರ ಕಿವಿಗಳನ್ನು ತಿರುವಿ ಶ್ರುತಿ ಮಾಡಿ ವಾಪಸು ಕೊಟ್ಟ. ಮತ್ತೆ ಶುರುವಾಯಿತು. ಎರಡನೇ ಸಾಲಿಗೆ ಬೆರಳು ತಪ್ಪಿತು, ನಾನು ಅಭ್ಯಾಸದಂತೆ ನಿಂತೆ. ಅವರು ನಿಲ್ಲಲಿಲ್ಲ, ಮುಂದೆ ಹೋದರು. ಎಲ್ಲಿಗೆ ಹೋದರೆಂದು ತಿಳಿಯದೆ ನಾನು ಮೊದಲಿನಿಂದ ಬಾರಿಸತೊಡಗಿದೆ. ಮಾಳು ಕೋಲುಗಳನ್ನು ತೊಡೆಯ ಮೇಲಿಟ್ಟು, "ಅಕ್ಕಾರ, ಹಾಡು ಬಸ್ಸಲ್ರಿ. ನೀವು ಕೈ ಮಾಡಿದ್ರ ನಿಲ್ಲಂಗಿಲ್ಲ" ಎಂದ. ನೀವು ಮೂವರೂ ನಕ್ಕಿರಿ. ನೀನೂ ನಕ್ಕೆ, ಮಿನಾಜ್. ಅದಕ್ಕೆ ನನಗೆ ಬೇಸರವಿಲ್ಲ, ಮಾತು ನಗುವ ಹಾಗೇ ಇತ್ತು. ಇನ್ನೊಮ್ಮೆ ತಪ್ಪಿದೆ, ಮತ್ತೊಮ್ಮೆ ತಪ್ಪಿದೆ. ಕೊನೆಗೆ ಮಾಳು ಕೋಲು ಎಸೆದು ಎದ್ದು ಹೋಗಿ ಕಿಟಕಿಯಲ್ಲಿ ಉಗುಳಿ ಬಂದ. ಸಮ್ಯಕ್ ಮೊಬೈಲು ನೋಡುತ್ತ ಕೂತ. ನನ್ನ ಕುತ್ತಿಗೆಯೆಲ್ಲ ಬೆವರು. ಬರಬಾರದಿತ್ತು, ಗಿಟಾರು ಬ್ಯಾಗಿನೊಳಗೆ ಹಾಕಿಕೊಂಡು ಹೊರಟುಬಿಡೋಣ ಎಂದು ಬ್ಯಾಗಿನ ಜಿಪ್ಪು ಹುಡುಕುತ್ತಿದ್ದೆ.

ಆಗ ನೀನು ಕೆಳಗಿಂದ ಚಹಾ ತಂದೆ. "ಇನ್ನೊಮ್ಮಿ ಅಕ್ಕಾ. ಈ ಸಲ ಬರತೈತಿ ನೋಡು" ಎಂದೆ.

ಬಂತು. ನಾನು ಬೆರಳು ಇಟ್ಟಲ್ಲೆಲ್ಲ ಸ್ವರ ಬಂತು. ಮಾಳುವಿನ ಪೆಟ್ಟಿನ ಜೊತೆಗೇ ನನ್ನ ಕೈ ಕೆಳಗೆ ಬೀಳುತ್ತಿತ್ತು. ಸಮ್ಯಕ್‌ನ ದನಿಯ ಕೆಳಗೆ ನನ್ನ ಗಿಟಾರು ನೆಲದ ಹಾಗೆ ಹಾಸಿತ್ತು, ಅವನು ಅದರ ಮೇಲೆ ನಡೆಯುತ್ತಿದ್ದ. ಒಂದೆರಡು ಕಡೆ ಬೆರಳು ಜಾರಿದಂತೆ ಅನಿಸಿತು, ಆದರೆ ಸ್ಪೀಕರಿನ ಅಬ್ಬರದಲ್ಲಿ ಕಿವಿಗೆ ಗೊತ್ತಾಗಲಿಲ್ಲ. ನಾಲ್ಕು ಜನರ ಜೊತೆ ಬಾರಿಸಿದರೆ ಸಣ್ಣಪುಟ್ಟ ತಪ್ಪನ್ನು ಹಾಡೇ ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂದುಕೊಂಡೆ. ಮದುವೆಯ ದಿನವಾಗಲೀ ಕೆಲಸ ಸಿಕ್ಕ ದಿನವಾಗಲೀ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಹಾಡು ಮುಗಿದ ಮೇಲೆ ಸಮ್ಯಕ್ "ಈಗ ಬಂತ್ ನೋಡ್ರಿ" ಎಂದ. ನೀನು ನನ್ನ ಫೋಟೋ ತೆಗೆದೆ.

ತಿಕೋಟಾ ಬಸ್ಸಿನಲ್ಲಿ ಮುಂದಿನ ಸೀಟಿನ ಸರಳಿನ ಮೇಲೆ ಬೆರಳು ಆಡಿಸುತ್ತ ಹೋದೆ. ಸೋಮುಗೆ ಎಲ್ಲ ಹೇಳಿದೆ. ಅವನು ಉಣ್ಣುವುದನ್ನು ನಿಲ್ಲಿಸಿ, "ಅಂದ್ರ ನೀ ಖರೇನ ಬಾರಸ್ತಿ" ಎಂದ. ಮರುದಿನ ತನ್ನ ಪೈಪಿನ ಅಂಗಡಿಗೆ ಬಂದ ದ್ರಾಕ್ಷಿ ತೋಟದವರಿಗೆಲ್ಲ ನನ್ನ ಫೋಟೋ ತೋರಿಸಿದ. ಅಲ್ಲಿಂದ ಮುಂದೆ ಪ್ರತಿ ಭಾನುವಾರ ನಾನು ಹೊರಡುವ ಮೊದಲು ತಾನೇ ಗಿಟಾರಿನ ಧೂಳು ಒರೆಸಿ ಕೊಡುತ್ತಿದ್ದ.

ನನಗೆ ಯಾವಾಗ ಗೊತ್ತಾಯಿತೆಂದು ನಿನಗೆ ನೆನಪಿದೆ. ಬಬಲೇಶ್ವರದ ಆರತಕ್ಷತೆಯ ಕಾರ್ಯಕ್ರಮಕ್ಕೆ ತಯಾರಿ ನಡೆದಿತ್ತು. ಹಾಡಿನ ನಡುವೆ ಸಮ್ಯಕ್‌ಗೆ ಫೋನು ಬಂತು. ಅವನು ಕೀಬೋರ್ಡಿನಿಂದ ಕೈ ತೆಗೆದು ಮೆಟ್ಟಿಲ ಕಡೆ ಹೋದ. ಅವನ ಕೈ ಎದ್ದ ಕೂಡಲೇ ನನ್ನ ಗಿಟಾರಿನ ದನಿ ನಿಂತಿತು. ನನ್ನ ಕೈ ಮಾತ್ರ ಬಾರಿಸುತ್ತಲೇ ಇತ್ತು. ಮೊದಲು ವೈರು ಕಳಚಿರಬೇಕೆಂದು ಬಗ್ಗಿ ನೋಡಿದೆ, ಕಳಚಿರಲಿಲ್ಲ. ಕೀಬೋರ್ಡಿನಲ್ಲಿ ಗಿಟಾರಿನ ದನಿಯೂ ಇರುತ್ತದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಅಷ್ಟು ದಿನ ನೆನಪಾಗಿರಲಿಲ್ಲ, ಅಷ್ಟೇ. ಮಾಳು ಪೆಟ್ಟು ತಪ್ಪಿಸದೆ ಮಾಡಿನ ಕಡೆ ನೋಡುತ್ತಿದ್ದ. ನಿನ್ನನ್ನು ನೋಡಿದೆ. ನೀನು ತಲೆ ಎತ್ತಲಿಲ್ಲ.

"ಎತ್ತು" ಎಂದೆ ನಾನು. ನಿನಗೆ ಅರ್ಥವಾಯಿತು. ಕೆಳಗೆ ತಳಕ್ಕೆ ಹತ್ತಿದ್ದ ನನ್ನ ಗುಂಡಿಯನ್ನು ನಿಧಾನವಾಗಿ ಮೇಲೆ ಸರಿಸಿದೆ. ನನ್ನದೇ ಗಿಟಾರನ್ನು ಆ ಸ್ಪೀಕರಿನಲ್ಲಿ ಮೊದಲ ದಿನದ ಮೇಲೆ ಅವತ್ತೇ ಕೇಳಿದ್ದು ನಾನು. ಕೆಟ್ಟದಾಗಿತ್ತು, ಮಿನಾಜ್. ಚೆನ್ನಾಗಿತ್ತು, ನೀವು ಸುಮ್ಮನೆ ಮುಚ್ಚಿಟ್ಟಿರಿ ಎಂದು ಜಗಳವಾಡಲು ನಾನು ಇದನ್ನು ಬರೆಯುತ್ತಿಲ್ಲ. ಒಂದೊಂದು ಪೆಟ್ಟೂ ಡ್ರಮ್ಮಿನ ಹಿಂದೆ ಕುಂಟುತ್ತಿತ್ತು. ಒಂದು ತಂತಿ ನೊಣದ ಹಾಗೆ ಗುಂಯ್ ಎನ್ನುತ್ತಿತ್ತು. ಆದರೂ ಹಾಡು ಮುಗಿಯುವ ತನಕ ಬಾರಿಸಿದೆ. ನೀವು ಕೇಳಲೇಬೇಕೆಂದು ಬಾರಿಸಿದೆ.

"ಮೊದಲನೇ ದಿನ ನಿನ್ನ ಮಾರಿ ನೋಡಾಕ ಆಗಲಿಲ್ಲ ಅಕ್ಕಾ. ಅದಕ್ಕ ಇಳಿಸಿದ್ನಿ. ನಿನ್ನ ಸಲುವಾಗೇ ಮಾಡಿದ್ನಿ" ಎಂದೆ ನೀನು. ಮುಂದಿನ ಭಾನುವಾರಗಳಲ್ಲಿ ಯಾಕೆ ಎತ್ತಲಿಲ್ಲ ಎಂದು ಕೇಳಿದೆ. ಒಳಗೆ ಬಂದ ಸಮ್ಯಕ್ ಉತ್ತರ ಕೊಟ್ಟ. "ನಿಮ್ಮ ಫೋಟೋ ನೋಡೇ ಬುಕಿಂಗ್ ಬರಾಕತ್ತಾವ್ರಿ. ಹೆಣ್ಣಮಕ್ಕಳು ಗಿಟಾರ ಹಿಡದ ನಿಂತ್ರ ಛಂದ ಕಾಣತೈತಿ. ಬಾರಸೂದು ನಾ ನೋಡ್ಕೋತೇನಿ. ನಿಮಗೇನ ತ್ರಾಸ ಐತಿ?" ಕಲಿಯುವ ತನಕ ಕಾಯಿರಿ, ನನ್ನ ದನಿ ಸ್ವಲ್ಪವಾದರೂ ಬಿಡಿ ಎಂದೆ ನಾನು. "ಮಂದಿ ಮುಂದ ಆಗಂಗಿಲ್ರಿ" ಎಂದ. ನೀನು ವೈರು ಸುತ್ತುತ್ತಿದ್ದೆ.

ಬಬಲೇಶ್ವರಕ್ಕೆ ನಾನು ಬಂದೆ. ಯಾಕೆ ಬಂದೆನೆಂದು ನೀನು ಯಾವತ್ತೂ ಕೇಳಲಿಲ್ಲ. ಸೋಮು ಅಷ್ಟರಲ್ಲಿ ಸಾರವಾಡದ ನನ್ನ ತವರಿನವರಿಗೆಲ್ಲ ಹೇಳಿಬಿಟ್ಟಿದ್ದ. ಟೆಂಪೋ ಮಾಡಿಕೊಂಡು ಬಂದಿದ್ದರು, ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಸತ್ತ ಗಿಟಾರು ಹಿಡಿದು ದೀಪಗಳ ಕೆಳಗೆ ನಿಂತು, ಗೊತ್ತಿದ್ದೂ ಗೊತ್ತಿದ್ದೂ, ಕೈ ಆಡಿಸಿದೆ. ಜನ ಚಪ್ಪಾಳೆ ತಟ್ಟಿದರು. ಕೆಳಗಿಳಿದಾಗ ನನ್ನ ದೊಡ್ಡವ್ವ ಸಾವಂತ್ರವ್ವ ನನ್ನ ಎಡಗೈ ಹಿಡಿದು ಒಂದೊಂದೇ ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಏನ ಬಾರಸ್ದೆವ್ವಾ. ಎದಿ ತಂಪಾತು" ಎಂದಳು. ಅವಳ ಹಿಂದೆ ಸೋಮು ಕಣ್ಣು ಒರೆಸಿಕೊಳ್ಳುತ್ತಿದ್ದ. ಅವನಿಗೆ ಇವತ್ತಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಅವನು ಮದುವೆಯಾದಾಗಿನಿಂದ ನನ್ನ ಬಗ್ಗೆ ಹೆಮ್ಮೆ ಪಟ್ಟದ್ದು ಅದೊಂದಕ್ಕೇ. ನೀವು ನನಗೆ ಮಾಡಿದ್ದಕ್ಕಿಂತ ಇದು ದೊಡ್ಡದು: ನನ್ನ ಗಂಡನಿಗೆ ಆ ಸುಳ್ಳನ್ನು ನಾನು ದಿನಾ ಬಡಿಸುವ ಹಾಗೆ ಮಾಡಿದಿರಿ.

ಆಮೇಲೆ ನಾನು ಬರಲಿಲ್ಲ. ನೀನು ಅಂಗಡಿ ಬಿಟ್ಟು ಗುಂಪಿನ ಕೆಲಸಕ್ಕೇ ನಿಂತೆ. ನನ್ನ ಜಾಗಕ್ಕೆ ಹೊನವಾಡದ ಕಾಲೇಜು ಹುಡುಗಿ ಗೀತಾಂಜಲಿಯನ್ನು ತಂದಿರೆಂದು ಫೋಟೋದಲ್ಲಿ ನೋಡಿದೆ. ನಾನು ನಿಂತ ಹಾಗೇ ನಿಲ್ಲಿಸಿದ್ದಿರಿ, ಗಿಟಾರು ಸ್ವಲ್ಪ ಮೇಲಕ್ಕೆ, ಮುಖ ದೀಪದ ಕಡೆಗೆ.

ಅವಳನ್ನು ಹುಡುಕಿಕೊಂಡು ನಾನು ಹೋಗಲಿಲ್ಲ. ಕನ್ನಡಕದ ಕಾಲು ಸಡಿಲಾಯಿತೆಂದು ಅವಳೇ ನಮ್ಮ ಅಂಗಡಿಗೆ ಬಂದಳು. ನನ್ನ ಗುರುತು ಹಿಡಿದಳು. "ಅಕ್ಕಾ, ನೀವೂ ಅಲ್ಲೇ ಇದ್ರಿ ಅಂತಲ್ಲ. ಮೊದಲನೇ ದಿನ ಬರೇ ತಪ್ಪು ಬಾರಸಾಕತ್ತಿದ್ನಿ. ಮಿನಾಜಕ್ಕ ಚಹಾ ತಂದು ಕೊಟ್ಳು. ಆಮ್ಯಾಲ ಹೆಂಗ ಬಂತಂತೀರಿ, ನನಗ ನಂಬಾಕ ಆಗಲಿಲ್ಲ" ಎಂದಳು.

ಅವಳಿಗೂ ಚಹಾ ತಂದಿದ್ದೆ ನೀನು.

ನಾನು ಸ್ಕ್ರೂ ಬಿಗಿ ಮಾಡುತ್ತಲೇ ಹೇಳಿದೆ, ಒಂದನ್ನೂ ಬಿಡದೆ. ಅವಳ ಒಳ್ಳೆಯದಕ್ಕೆ ಹೇಳಿದೆ ಎಂದು ಬರೆಯುವುದಿಲ್ಲ. ಒಳ್ಳೆಯದಕ್ಕೆ ಎನ್ನುವ ಮಾತನ್ನು ನಿನಗೇ ಬಿಟ್ಟಿದ್ದೇನೆ. ಅವಳ ಮುಖದ ಮೇಲಿದ್ದ ಖುಷಿ ಒಂದು ಕಾಲಕ್ಕೆ ನನ್ನದಾಗಿತ್ತು. ಅದು ಅಲ್ಲಿ ಹಾಗೆ ಹೊಳೆಯುವುದನ್ನು ನೋಡಿ ತಡೆಯಲಾಗಲಿಲ್ಲ, ಹೇಳಿದೆ. ನಿನ್ನ ಪ್ರಶ್ನೆಗೆ ಇಷ್ಟೇ ಉತ್ತರ. ಅವಳು ಮೊದಲು ನಕ್ಕಳು. ಆಮೇಲೆ, "ನಿಮ್ಮನ್ನ ಕೈಬಿಟ್ಟಾರಂತ ನಿಮಗ ಹೊಟ್ಟಿಕಿಚ್ಚು" ಎಂದು ಕನ್ನಡಕ ಕಿತ್ತುಕೊಂಡು ಹೋದಳು. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅದಾದ ಸೋಮವಾರ ಮಧ್ಯಾಹ್ನ ಅವಳ ಫೋನು ಬಂತು. ಹಿಂದೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

"ಅಕ್ಕಾ, ನಿನ್ನಿ ಬೇಕಂತ ತಪ್ಪು ತಪ್ಪು ಬಾರಿಸಿದ್ನಿ" ಎಂದಳು. "ಭಾಳ ಛಂದ ಕೇಳಿಸ್ತು."

ಅಷ್ಟು ಹೇಳಿ ಇಟ್ಟಳು. ಅವಳು ಇನ್ನು ನಿಮ್ಮಲ್ಲಿಗೆ ಬರುವುದಿಲ್ಲ ಎಂದು ನಿನ್ನ ಮೆಸೇಜಿನಿಂದ ತಿಳಿಯಿತು. ಗಿಟಾರನ್ನು ಇಟ್ಟುಕೊಂಡಿದ್ದಾಳೋ ಯಾರಿಗಾದರೂ ಕೊಟ್ಟಳೋ ಗೊತ್ತಿಲ್ಲ. ನಾನು ಮಾತ್ರ ಈಗಲೂ ಮಾಳಿಗೆ ಮೇಲೆ ಕೂತು ಬಾರಿಸುತ್ತೇನೆ. ಮೊದಲಿಗಿಂತ ಕೈ ಪಳಗಿದೆ. ಆದರೆ ಒಂದು ಸಾಲು ಚೆನ್ನಾಗಿ ಬಂದರೆ ಸಾಕು, ಕೈ ತಾನಾಗಿ ನಿಂತುಬಿಡುತ್ತದೆ, ತಲೆ ತಿರುಗಿಸಿ ಹಿಂದೆ ನೋಡುತ್ತೇನೆ, ಯಾರು ಬಾರಿಸುತ್ತಿದ್ದಾರೆಂದು. ಯಾರೂ ಇರುವುದಿಲ್ಲ. ಆದರೂ ನಂಬಿಕೆ ಬರುವುದಿಲ್ಲ. ಇದು ನೀನು ಕೊಟ್ಟದ್ದು, ನನ್ನ ಸಲುವಾಗಿ.

ಇನ್ನು ಮೇಲೆ ನನಗೆ ಏನೂ ಕಳಿಸಬೇಡ. ಪೀರಸಾಬರ ಕನ್ನಡಕಕ್ಕೆ ಏನಾದರೂ ಆದರೆ ಅವರನ್ನೇ ಕಳಿಸು, ಸರಿ ಮಾಡಿ ಕೊಡುತ್ತೇನೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ನಿಮ್ಮ ಗುಂಪು ಊರೂರಲ್ಲಿ ಹೆಸರಾಗಲಿ. ಸಮ್ಯಕ್‌ನ ಬೆರಳುಗಳು ನೂರು ವರ್ಷ ಗಟ್ಟಿಯಾಗಿರಲಿ, ನಿಮ್ಮಲ್ಲಿಗೆ ಬರುವವರೆಲ್ಲರದನ್ನೂ ಅವನೇ ಬಾರಿಸಬೇಕಲ್ಲ.

ಒಂದು ಕಾಲಕ್ಕೆ ನಿನ್ನ ಅಕ್ಕನಾಗಿದ್ದ,
ಕಸ್ತೂರಿ
ತಿಕೋಟಾ