ಕುಣಿಯುವ ಕಾಲು, ನಡೆಯದ ಕಾಲು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಚಾಪೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ. ಹೊಟ್ಟೆ ಏಳಬೇಕು, ಎದೆ ಸುಮ್ಮನಿರಬೇಕು. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಬಿಟ್ಟೆ. ಬಲಗಾಲು ಸ್ವಲ್ಪ ಅದುರಿ ಸುಮ್ಮನಾಯಿತು.

ಹೊರಗೆ ವಠಾರದ ಹೆಂಗಸರು ಅಂಗಳ ಗುಡಿಸುತ್ತಿದ್ದರು. ಈ ವಾರ ನನ್ನ ಸರದಿ, ಗೊತ್ತು. ಪಕ್ಕದ ಕೋಣೆಯ ಆಫ್ರಿಯೆ ನನ್ನ ಬಾಗಿಲ ಹತ್ತಿರ ಬಂದು ಪೊರಕೆಯ ಸದ್ದು ಜಾಸ್ತಿ ಮಾಡಿದಳು. "ಟೀಚರಮ್ಮ ಮಲ್ಕೊಂಡು ಉಸಿರಾಡ್ತಿದ್ದಾರೆ ಕಣ್ರೇ. ನಮಗಾದ್ರೆ ಬಗ್ಗಿ ಗುಡಿಸ್ತಾನೇ ಉಸಿರಾಡೋ ಹಣೆಬರಹ." ಎಲ್ಲರೂ ನಕ್ಕರು. ಬೇರೆ ಯಾರ ಬಗ್ಗೆಯಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ.

ಎಲ್ಲ ಆ ದೊಡ್ಡ ಡಾಕ್ಟರಿಂದ. ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಡಾರ್ಕೊ ಮಾವನ ಮುಂದೆಯೇ, "ಏನೂ ಇಲ್ಲ" ಎಂದುಬಿಟ್ಟ. ಏನೂ ಇಲ್ಲವಂತೆ! ಹಾಗಾದರೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ, ನನ್ನ ನಾಲ್ಕನೇ ತರಗತಿಯ ಮಕ್ಕಳೆದುರು, ಕಾಲು ಗಡಗಡ ನಡುಗಿ ನಾನು ನೆಲಕ್ಕೆ ಬಿದ್ದದ್ದು ಏನು? ಆವತ್ತಿನಿಂದ ಇದನ್ನು ಎಳೆದುಕೊಂಡು ಓಡಾಡುತ್ತಿರುವುದು ಏನು? ಮಾವ ನಮ್ಮ ತಾಯಿಯ ಕಡೆಯ ಮನೆತನಕ್ಕೆಲ್ಲ ಯಜಮಾನರು. ಅವರ ಬಾಯಿಂದ ಆ "ಏನೂ ಇಲ್ಲ" ಕುಮಾಸಿ ಊರನ್ನೆಲ್ಲ ಸುತ್ತಿ ಬಂತು.

ಮಾರ್ಚ್ 8

ಫಿಸಿಯೋ. ವ್ಯಾಯಾಮ ಕಲಿಸುವ ದುಫಿಯೆ ನನಗಿಂತ ಚಿಕ್ಕವಳು, ಆದರೆ ಗದರುವುದರಲ್ಲಿ ನಮ್ಮ ಹೆಡ್‌ಮಾಸ್ಟರನ್ನೂ ಮೀರಿಸುತ್ತಾಳೆ. ಕಾಲು ನೋಡಬೇಡಿ, ಕಿಟಕಿ ನೋಡಿ. ಉಸಿರು ಬಿಡುತ್ತ ಮೈಭಾರವನ್ನು ಎಡಕ್ಕೆ ತನ್ನಿ, ಈಗ ಬಲಕ್ಕೆ... ನಾನು ನೋಡಿದ್ದು ಕಾಲನ್ನೇ. ನಡುಗಿತು.

ಇವತ್ತು ಕೇಳಿಯೇಬಿಟ್ಟೆ, ನಾನು ನಾಟಕ ಮಾಡುತ್ತಿದ್ದೇನೆಂದು ನಿನಗೂ ಅನ್ನಿಸುತ್ತದೆಯೇ ಎಂದು.

"ನಾಟಕ ಆಗಿದ್ರೆ ಯಾವಾಗ್ಲೋ ಮನೆಗೆ ಕಳಿಸ್ತಿದ್ದೆ," ಎಂದಳು. "ಕಾಲು ಸರಿಯಾಗಿದೆ. ಮಿದುಳಲ್ಲೂ ಗಾಯ ಇಲ್ಲ. ಮಿದುಳು ಕಾಲಿಗೆ ಹೇಳಿಕಳಿಸೋದ್ರಲ್ಲಿ ಎಡವಟ್ಟಾಗ್ತಿದೆ. ಇದು ನೀವು ಮಾಡ್ತಿರೋದಲ್ಲ ಟೀಚರ್, ನಿಮಗೆ ಆಗ್ತಿರೋದು."

ಆಮೇಲೆ ಮೇಜಿನ ಮೇಲೆ ಬೆರಳಿನಿಂದ ಅಡೋವಾ ತಾಳ ಬಡಿದಳು, ಸಾವಿನ ಮನೆಯಲ್ಲಿ ನಾವು ಕುಣಿಯುವ ತಾಳ. ಭುಜ ತಾನಾಗಿ ಬಾಗಿತು. ಕೈ ತಿರುಗಿತು. ಕಾಲು ಹೊರಟಿತು. ಗೋಡೆಯವರೆಗೂ ಹೋದೆ, ನಡುಕವಿಲ್ಲ. ತಾಳ ನಿಂತಿತು, ನಡುಕ ಬಂತು. ಅತ್ತುಬಿಟ್ಟೆ. ಸಂತೋಷಕ್ಕೋ ಸಿಟ್ಟಿಗೋ ಗೊತ್ತಾಗಲಿಲ್ಲ.

ಇದು ಒಳ್ಳೆಯ ಸುದ್ದಿ ಎನ್ನುತ್ತಾಳೆ ದುಫಿಯೆ. ಮೆಟ್ಟಿಲಿಳಿಯುವಾಗ ಪ್ರತಿ ಹೆಜ್ಜೆಯನ್ನೂ ಯೋಚಿಸಿದರೆ ಯಾರಾದರೂ ಎಡವುತ್ತಾರೆ. ಗಮನ ತಾಳದ ಮೇಲಿದ್ದರೆ ಕಾಲಿಗೆ ಅದರ ಹಳೆಯ ದಾರಿ ಸಿಗುತ್ತದೆ. ಅಭ್ಯಾಸದಿಂದ ನಡಿಗೆಗೂ ಸಿಗುತ್ತದೆ. ಸರಿ. ಆದರೆ ಈ ಒಳ್ಳೆಯ ಸುದ್ದಿಯನ್ನು ಯಾರ ಹತ್ತಿರ ಹೇಳಲಿ? ಕುಣಿಯಬಲ್ಲೆ, ನಡೆಯಲಾರೆ ಅಂದರೆ ನನ್ನ ಕಿವಿಗೇ ಸುಳ್ಳಿನ ಹಾಗೆ ಕೇಳಿಸುತ್ತದೆ.

ಮಾರ್ಚ್ 22

ಪೊಕುವಾ ದೊಡ್ಡಮ್ಮ ಹೋದಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು. ನಾನು ನಾಟಕ ಮಾಡುತ್ತಿಲ್ಲ ಎಂದು ನಂಬಿದ್ದವಳು ಮನೆಯಲ್ಲಿ ಅವಳೊಬ್ಬಳೇ.

ಚಾಪೆ ಬಿಚ್ಚಲಿಲ್ಲ.

ಏಪ್ರಿಲ್ 18

ಶನಿವಾರ ದೊಡ್ಡಮ್ಮನ ಮಣ್ಣು. ನಮ್ಮ ರೂಢಿಯಂತೆ ನಾಲ್ಕು ವಾರದಿಂದ ಶವಾಗಾರದಲ್ಲಿಟ್ಟಿದ್ದಾರೆ, ಶುಕ್ರವಾರ ತರುತ್ತಾರೆ. ಶಾಮಿಯಾನ, ಕುರ್ಚಿ, ಡೋಲು, ವಿಡಿಯೋದವನು... ಡಾರ್ಕೊ ಮಾವ ಎಲ್ಲರ ಮೇಲೂ ಹರಿಹಾಯುತ್ತಿದ್ದಾರೆ. ನನ್ನನ್ನೂ ಕರೆಸಿದರು. ನಾನು ಕುಣಿಯಲೇಬೇಕಂತೆ. ಸಾಕಿದ ಮಗಳು ಕುರ್ಚಿಗೆ ಅಂಟಿಕೊಂಡು ಕೂತರೆ ಮನೆತನದ ಮರ್ಯಾದೆ ಏನಾಗಬೇಕು?

ದುಫಿಯೆ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಕುಣಿಯುವುದು ಆಗುತ್ತದೆ ಮಾವ, ಡೋಲು ನಿಂತ ಮೇಲೆ ಕುರ್ಚಿಗೆ ವಾಪಸು ಬರುವುದು ಕಷ್ಟ, ಯಾರಾದರೂ ಪಕ್ಕದಲ್ಲಿರಲಿ ಎಂದೆ. ತಲೆಯಾಡಿಸಿದರು. ಕಣ್ಣು ಶಾಮಿಯಾನದವನ ಮೇಲಿತ್ತು.

ಏಪ್ರಿಲ್ 20

ಕುಣಿದೆ. ಕೆಂಪು ಬಟ್ಟೆ, ಕಪ್ಪು ಬಟ್ಟೆ, ಬಿಸಿಲು. ಹಿರಿಯರಿಗೆ ಬಾಗಿದೆ, ಡೋಲಿನವರಿಗೆ ಬಾಗಿದೆ, ಅಪ್ಪಣೆ ಸಿಕ್ಕಿತು. ಎರಡೂ ಕೈ ತಲೆಯ ಮೇಲಿಟ್ಟು ತೋರಿಸಿದೆ, ನನಗಿನ್ನು ಯಾರೂ ಇಲ್ಲ ಎಂದು. ಹೆಂಗಸರು ಎದ್ದು ಬಂದು ಭೇಷ್ ಎನ್ನುವ ಹಾಗೆ ನನ್ನ ತಲೆಯ ಮೇಲೆ ಎರಡು ಬೆರಳೆತ್ತಿ ಹಿಡಿದರು. ಮಾವ ಕೂಡ ಬಂದರು, ಕಣ್ಣಲ್ಲಿ ನೀರು. ಕಾಲು ಎಂಬುದೊಂದು ಇದೆ ಎಂದೇ ಮರೆತಿದ್ದೆ.

ಡೋಲು ನಿಂತಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಉಸಿರು ಬಿಟ್ಟೆ, ಭಾರ ಎಡಕ್ಕೆ ತಂದೆ... ಎಲ್ಲರೂ ನೋಡುತ್ತಿದ್ದರು. ಕುರ್ಚಿಗಳ ಸಾಲಿನ ನಡುವೆ ಬಿದ್ದೆ.

ಒಬ್ಬಳು, ಸತ್ತವಳು ಕಾಲು ಹಿಡಿದೆಳೆದಳು ಎಂದಳು. ಇನ್ನೊಬ್ಬಳು, ಎಷ್ಟು ಚೆನ್ನಾಗಿ ಬೀಳುತ್ತಾಳೆ ನೋಡು ಎಂದಳು. ಕೈ ಕೊಟ್ಟು ಎಬ್ಬಿಸಿದವನು ಡೋಲಿನವನು.

ಏಪ್ರಿಲ್ 24

ಮೈಯೆಲ್ಲ ಉರಿಯುತ್ತಿದೆ. ಮಾವ ವಿಡಿಯೋವನ್ನು ಫೋನಿನಲ್ಲಿ ಎಲ್ಲರಿಗೂ ಕಳಿಸಿದ್ದಾರೆ. ಹೆಮ್ಮೆಯಂತೆ. ಮನೆತನದ ಗ್ರೂಪಿಗೆ, ಚರ್ಚಿನ ಗ್ರೂಪಿಗೆ. ಚರ್ಚಿನ ಗ್ರೂಪಿನಲ್ಲಿ ನಮ್ಮ ಹೆಡ್‌ಮಾಸ್ಟರ್ ಟುಮಾಸಿ ಇದ್ದಾರೆ! ನಾನು ಬಿದ್ದದ್ದು ಅದರಲ್ಲಿ ಇಲ್ಲ. ಸಾವಿನ ವಿಡಿಯೋದಲ್ಲಿ ಅಪಶಕುನ ಬೇಡ ಎಂದು ಮಾವನೇ ತೆಗೆಸಿದರಂತೆ.

ಹೆಡ್‌ಮಾಸ್ಟರ್ ಫೋನು ಮಾಡಿದರು. "ಬಹಳ ಚೆನ್ನಾಗಿ ಕುಣಿದಿದ್ದೀರಿ ಕೊನಾಡು ಟೀಚರ್. ನಮ್ಮ ಶಾಲಾ ಸಮಿತಿಯವರಿಗೂ ತೋರಿಸಿದೆ." ಮೇ ಮೂರಕ್ಕೆ ಸಮಿತಿಯ ಮುಂದೆ ಬರಬೇಕು. ಕಾಯಿಲೆಯ ರಜೆ ಸುಳ್ಳು ಎಂದಾದರೆ ಕೆಲಸ ಹೋಗುತ್ತದೆ. ಹನ್ನೊಂದು ವರ್ಷದ ಕೆಲಸ.

ಮೇ 3, ಸಂಜೆ

ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಇದು ಕಾಯಿಲೆಯಲ್ಲ, ಸಿಟ್ಟು.

ಮನೆತನದ ಹಿರಿಯರಾಗಿ ಮಾವ ಬಂದಿದ್ದರು, ಒಳ್ಳೆಯ ಬಟ್ಟೆಯುಟ್ಟು. ಮೇಜಿನಾಚೆ ಮೂವರು. ದುಫಿಯೆಯನ್ನು ಕರೆತರಲೇ ಎಂದು ಮೊದಲೇ ಕೇಳಿದ್ದೆ, ಬೇಡ ಎಂದಿದ್ದರು. ನಾನೇ ಹೇಳಿದೆ, ಮಿದುಳು, ತಾಳ, ದಾರಿ, ಎಲ್ಲ. ಒಬ್ಬರು ಆಕಳಿಸಿದರು. ಟುಮಾಸಿ ಫೋನಿನಲ್ಲಿ ನನ್ನನ್ನು ಕುಣಿಸಿ ತೋರಿಸಿದರು. ಆಮೇಲೆ, ಬಾಗಿಲಿನಿಂದ ಮೇಜಿನವರೆಗೆ ನಡೆಯಿರಿ ನೋಡೋಣ ಎಂದರು.

ನೆಟ್ಟಗೆ ನಡೆದರೆ ಇಷ್ಟು ದಿನ ಸುಳ್ಳು ಹೇಳಿದವಳು. ನಡುಗಿದರೆ ಈಗ ನಾಟಕ ಆಡುತ್ತಿರುವವಳು. ಯಾವ ಹೆಜ್ಜೆ ಇಟ್ಟರೂ ಅದನ್ನು ಅವರು ಮೊದಲೇ ಓದಿ ಮುಗಿಸಿದ್ದಾರೆ. "ನಿಮಗೆ ಯಾವ್ದು ಬೇಕು ಅಂತ ಹೇಳಿಬಿಡಿ ಸಾರ್," ಎಂದೆ. "ಎರಡೂ ನನ್ನ ಕಾಲೇ. ಯಾವ್ದನ್ನ ನಂಬ್ತೀರಿ?"

ಮಾವ ಎದ್ದು ನಿಂತರು.

"ನನ್ನ ತಂಗಿ ಮಗಳು ಸಂತೆಗೆ ಬಂದಿರೋ ಮೇಕೆ ಅಲ್ಲ, ನಡೆಸಿ ನೋಡೋಕೆ. ಆ ವಿಡಿಯೋ ಕಳ್ಸಿದ್ದು ನಾನು. ಕುಣಿದ ಮೇಲೆ ಬಿದ್ಲು, ಇಡೀ ಊರು ನೋಡಿದೆ. ಅದನ್ನ ತೆಗೆಸಿದ್ದೂ ನಾನೇ. ಇನ್ನೇನ್ ಬೇಕು ನಿಮಗೆ?"

ಟುಮಾಸಿ ಮುಖ ಕೆಳಗೆ ಹಾಕಿದರು. ಈ ಅವಧಿ ಮುಗಿಯುವವರೆಗೆ ರಜೆ ಇರಲಿ, ಕೆಲಸಕ್ಕೆ ತೊಂದರೆಯಿಲ್ಲ, ದುಫಿಯೆ ಬಂದು ವಿವರಿಸಲಿ ಎಂದರು. ಆ ಕ್ಷಣ ಮಾವನ ಕಾಲಿಗೆ ಬೀಳೋಣ ಅನ್ನಿಸಿತು. ನಿಜವಾಗಿ ಅನ್ನಿಸಿತು.

ಟ್ಯಾಕ್ಸಿ ಹತ್ತಿದೆವು. ಮಾರುಕಟ್ಟೆ ದಾಟುವವರೆಗೂ ಮಾವ ಬೆವರು ಒರೆಸಿಕೊಳ್ಳುತ್ತಲೇ ಇದ್ದರು. ಆಮೇಲೆ ನನ್ನ ಕಡೆ ಬಾಗಿ, ಬಹಳ ಪ್ರೀತಿಯಿಂದ, ಡ್ರೈವರಿಗೆ ಕೇಳಿಸದ ಹಾಗೆ ಕೇಳಿದರು.

"ಹೆದರ್ಬೇಡ. ಕೆಲ್ಸ ಉಳೀತು, ನಾನು ಯಾರಿಗೂ ಹೇಳಲ್ಲ. ನನ್ನ ಹತ್ರ ಮಾತ್ರ ನಿಜ ಹೇಳು ಮಗಳೇ. ಬೇಕಂತಾನೇ ಮಾಡ್ತೀಯ ತಾನೆ?"

ಗಾಡಿ ನಿಲ್ಲಿಸಿ ಎಂದೆ. ಇಳಿದೆ. ಮನೆ ದೂರವಿತ್ತು. ನಡುಗಿತು, ನಡುಗಲಿ. ಎರಡು ಸಲ ಬಿದ್ದು ಎದ್ದೆ, ಜನ ನೋಡಿದರು, ನೋಡಲಿ. ಮಾವ ಟ್ಯಾಕ್ಸಿಯಲ್ಲಿ ನಿಧಾನವಾಗಿ ಹಿಂದೆಯೇ ಬಂದರು, ಕರೆಯುತ್ತ.

ಈಗ ಬಾಗಿಲು ತಟ್ಟುತ್ತಿದ್ದಾರೆ. ತಪ್ಪೇನು ಕೇಳಿದೆ ನಾನು, ಅನ್ನುತ್ತಿದ್ದಾರೆ. ವಠಾರವೆಲ್ಲ ಅಂಗಳದಲ್ಲಿ ಸೇರಿದೆ. ತೆರೆಯುತ್ತೇನೆ. ಎಲ್ಲರ ಮುಂದೆ ಹೇಳುತ್ತೇನೆ. ಹೇಳಬೇಕಾದದ್ದನ್ನು ಮೊದಲು ಇಲ್ಲಿ ಸರಿಯಾಗಿ ಬರೆದುಕೊಂಡು — ಮಾವ, ನೀವು ನನ್ನ ಪರ ನಿಂತದ್ದು ನನ್ನನ್ನು ನಂಬಿ ಅಲ್ಲ, ಮನೆತನದ ಮರ್ಯಾದೆಗಾಗಿ.