ತಾಯಿತೋಳದ ಸುದ್ದಿ

ಅವ್ವಾ,

ನೀನು ಹೋದ ಮೇಲೆ ನಿನಗೆ ಹೇಳಬೇಕಾದ ಸುದ್ದಿ ಎಷ್ಟೋ ಬಂದವು, ಹೋದವು. ಆದರೆ ಇದನ್ನು ಬೇರೆ ಯಾರಿಗೆ ಹೇಳಲಿ? ಮೊನ್ನೆ ತಿರುಮಣಿ ರಸ್ತೆಯಲ್ಲಿ ಒಂದು ತೋಳ ಸತ್ತಿತು.

ನಾನು ಏಳನೇ ಕ್ಲಾಸಿನಲ್ಲಿದ್ದ ಬೇಸಿಗೆ ನೆನಪಿದೆಯಾ? ತೋಳ ನಮ್ಮ ಕುರಿರೊಪ್ಪಕ್ಕೆ ನುಗ್ಗಿ, ನೀನು ಮುದ್ದಾಗಿ ಸಾಕಿದ್ದ ಕುರಿಮರಿಯನ್ನು ಹೊತ್ತೊಯ್ದಿತ್ತು. ಚಿಕ್ಕಪ್ಪ ಹಟ್ಟಿಯ ಗಂಡಸರನ್ನು ಕಟ್ಟಿಕೊಂಡು ದಿಬ್ಬ ಹತ್ತಿದ. ಬಂಡೆ ಕೆಳಗಿನ ಬಿಲದಲ್ಲಿ ತೋಳದ ಮರಿಗಳಿದ್ದವು. ಬಿಲದ ಬಾಯಿಗೆ ಒಣಹುಲ್ಲು ತುರುಕಿ ಬೆಂಕಿ ಹಚ್ಚಬೇಕೆಂದಿದ್ದರು. ನೀನು ಏದುಸಿರು ಬಿಡುತ್ತಾ ಬಂದು ಆ ಹುಲ್ಲಿನ ಮೇಲೆಯೇ ಕೂತುಬಿಟ್ಟೆ.

“ಏಳು ಅತ್ಗೆ. ಇವು ದೊಡ್ಡವಾದ್ರೆ ನಮ್ ರೊಪ್ಪಾನೇ ಖಾಲಿ ಮಾಡ್ತವೆ,” ಅಂದ ಚಿಕ್ಕಪ್ಪ.

“ಹೋಗಿರೋದು ನನ್ ಮರಿ ಕಣಪ್ಪ. ಹೊಟ್ಟೆ ಉರೀತಿರೋದು ನಂಗೆ. ಆದ್ರೂ ಕಣ್ಣು ಬುಡದಿರೋ ಕೂಸಿಗೆ ಹೊಗೆ ಹಾಕಕ್ಕೆ ನಾನು ಬುಡಲ್ಲ. ಬೆಂಕಿ ಇಕ್ಕೋದಾದ್ರೆ ನನ್ ಸೀರೆಗೇ ಇಕ್ಕಿ.”

ಅವರು ಬೈದುಕೊಳ್ಳುತ್ತಾ ಇಳಿದು ಹೋದರು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ನೀನು ಕುರಿಮರಿಗಾಗಿ ಅತ್ತೆ. ಕಳೆದುಕೊಂಡವಳೂ ನೀನೇ, ಕಾಪಾಡಿದವಳೂ ನೀನೇ. ಅದು ಹೇಗೆ ಅಂತ ಕೇಳಬೇಕು ಅಂದುಕೊಂಡೇ ಇದ್ದೆ, ಕೇಳಲೇ ಇಲ್ಲ.

ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು ಬಂದ ದಿನ ಜಗಲಿ ಮೇಲೆ ಕೂತಿದ್ದೆಯಲ್ಲ. “ನಮ್ಗೇನೋ ದಾರಿ ಆಯ್ತು. ಅವು ಎಲ್ಲಿಗೆ ಹೋಗ್ಬೇಕು?” ಅಂದೆ. ನಾನು ಕುರಿಗಳ ಮಾತು ಅಂದುಕೊಂಡೆ. ಬೇಲಿ ಬಂತು, ಕುರಿ ಮಾರಿದೆವು, ಸಂಜೆ ಕೇಳುತ್ತಿದ್ದ ತೋಳಗಳ ಊಳು ನಿಂತುಹೋಯಿತು. ಆಗಲೇ ನಿನ್ನ ಮಾತು ನನಗೆ ತಿಳಿದದ್ದು. ಮಧುಗಿರಿ, ಸಿರಾ, ಕೊರಟಗೆರೆ ಕಡೆಯ ಕುರುಚಲಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಇವೆಯಂತೆ. ನಮ್ಮ ಕಡೆ ಉಳಿದೇ ಇಲ್ಲ ಅಂದುಕೊಂಡಿದ್ದೆ.

ಮೊನ್ನೆ ಬೆಳಿಗ್ಗೆ ನಾನು ಪಾಠ ಮಾಡುವ ಸ್ಕೂಲಿಗೆ ಹೋಗುತ್ತಿದ್ದ ಬಸ್ಸು ರಸ್ತೆಯಲ್ಲಿ ಗಕ್ಕನೆ ನಿಂತಿತು. ಇಳಿದು ನೋಡಿದರೆ ತೋಳ; ಯಾವುದೋ ಗಾಡಿ ಗುದ್ದಿ ಹೋಗಿತ್ತು. “ನಾಯಿ ಇರ್ಬೇಕು, ಹತ್ತಿ ಮೇಡಂ,” ಅಂದ ಕಂಡಕ್ಟರ್. ನಾನು ಹತ್ತಲಿಲ್ಲ. ಅದರ ಮೊಲೆಗಳಲ್ಲಿ ಹಾಲು ತುಂಬಿತ್ತು, ಅವ್ವಾ.

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ವಯಸ್ಸಾದ ಗಾರ್ಡೊಬ್ಬರು ಜೀಪಿನಲ್ಲಿ ಬಂದರು. ಬಿಸಿಲಿನಲ್ಲಿ ಇಬ್ಬರೂ ಪೊದೆ ಪೊದೆ ತಡಕಿದೆವು. ಹೊತ್ತು ಇಳಿಯುವಾಗ, ರಸ್ತೆಯಾಚೆಯ ಕಲ್ಲುಗುಡ್ಡೆಯ ಬಿಲವೊಂದರಲ್ಲಿ ಸಣ್ಣಗೆ ಕುಂಯ್‌ಗುಟ್ಟುವುದು ಕೇಳಿತು. ಮರಿಗಳು ಬದುಕಿದ್ದವು. ಹಸಿವಿಗೆ ನನ್ನ ಬೆರಳನ್ನೇ ಚೀಪಿದವು.

“ಇಲ್ಲೇ ಬಿಟ್ರೆ ಆಗಲ್ವಾ?” ಅಂದೆ.

“ಹಾಲಿಲ್ದೆ ಹೆಂಗೆ ಉಳೀತವೆ ಕಣಮ್ಮ? ತಗೊಂಡೋಗ್ಲೇಬೇಕು,” ಅಂದರು ಗಾರ್ಡು.

ಅವು ಈಗ ಹಾಲು ಕುಡಿಯುತ್ತಿವೆಯಂತೆ, ಗಾರ್ಡು ಫೋನಿನಲ್ಲಿ ಹೇಳಿದರು. ನಿನಗೆ ಸಮಾಧಾನ ಆಗಲಿ ಅಂತ ಇಲ್ಲಿಗೇ ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ನಿನ್ನಿಂದ ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ. ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಜೀಪು ಹತ್ತಿದಾಗ ಹಿಂತಿರುಗಿ ನೋಡಿದೆ. ಗಂಡು ತೋಳ ಬಂದಿತ್ತು. ಬಾಯಲ್ಲಿ ಒಂದು ಮೊಲ. ಬಿಲದ ಬಾಯಿಗೆ ಹೋಗಿ ಮೂಸಿತು. ಮೊಲವನ್ನು ಅಲ್ಲೇ ಇಟ್ಟು, ರಸ್ತೆಯ ಕಡೆ ಮುಖ ಮಾಡಿ ಅವಳಿಗಾಗಿ ಕಾಯುತ್ತಾ ಕೂತಿತು.

ನಿನ್ನ ಮಗಳು