ಬಾಗಿಲಲ್ಲಿ ಕೇಳೋ ಪ್ರಶ್ನೆ

ಅಕ್ಕಾ, ಅವಸರದಲ್ಲಿ ಬರೀತಿದೀನಿ, ಅಕ್ಷರ ಸೊಟ್ಟಗಿದ್ರೆ ಬೈಬೇಡ.

ಮಕ್ಕಳ ಲೈಬ್ರರಿಯವರ ತರಬೇತಿಗೆ ಅಂತ ನಮ್ಮೂರ ಲೈಬ್ರರಿ ಮೇಡಂ ನನ್ನನ್ನೂ ಈ ಊರಿಗೆ ಕರ್ಕೊಂಡು ಬಂದಿದಾರಲ್ಲ, ಇವತ್ತು ಕಲಿಸೋಕೆ ಬಂದವರು, "ಹುಡುಗರು ಒಳಗೆ ಬಂದ್ರೆ ಮೊದಲು ಏನು ಕೇಳ್ತೀರಿ?" ಅಂದ್ರು. ಇಡೀ ಹಾಲ್ ಒಂದೇ ಬಾಯಲ್ಲಿ, "ಯಾವ ಕ್ಲಾಸು?" ಅಂತು.

"ಸ್ಕೂಲು ಬಿಟ್ಟವರು ಬಂದ್ರೆ?" ಅಂತ ಅವರು ಮತ್ತೆ ಕೇಳಿದ್ರು.

"ಅಂಥವರು ಎಲ್ಲಿ ಬರ್ತಾರೆ ಬಿಡಿ!" ಅಂತ ಒಬ್ಬ ನಕ್ಕ.

ನಂಗೆ ಮೈಯೆಲ್ಲಾ ಉರಿದುಹೋಯ್ತು. ಎದ್ದು, "ಬರ್ತಾರೆ ಸಾರ್. ನಿಮ್ಮ ಪ್ರಶ್ನೆ ಕೇಳಿ ವಾಪಸ್ ಹೋಗ್ತಾರೆ. ನಾನೂ ಹಂಗೇ ಹೋದವನು" ಅಂದೆ.

ಪಕ್ಕದಲ್ಲಿದ್ದ ನಮ್ಮ ಮೇಡಂ ಮೆಲ್ಲಗೆ ಎದ್ರು. "ಅವತ್ತು ಕೇಳಿದವಳು ನಾನೇ. ಇವನ ಮುಖ ಮರೆಯೋಕಾಗ್ಲಿಲ್ಲ, ಅದಕ್ಕೇ ಕೆಲಸಕ್ಕೆ ಕರೆದೆ" ಅಂದ್ಬಿಟ್ರು!

ಅವರಿಗೆ ಅದು ನೆನಪೇ ಇಲ್ಲ ಅಂದ್ಕೊಂಡು ಇಷ್ಟು ದಿನ ಒಳಗೊಳಗೇ ಕುದೀತಿದ್ದೆ ಕಣೇ. ಈಗ ಬೈಯೋಕೂ ಬಾಯಿ ಬರ್ತಿಲ್ಲ.

ಹೊರಡುವಾಗ ಇದ್ದ ನನ್ನ ಹೊಟ್ಟೆನೋವು ವಾಸಿಯಾಗಿದೆ. ಸೋಮವಾರಕ್ಕೆ ನಾವು ಊರಿಗೆ ಬಂದಿರ್ತೀವಿ, ಅವತ್ತು ತಂಗೀನ ಲೈಬ್ರರಿಗೆ ಎಳ್ಕೊಂಡು ಬಾ. ಸ್ಕೂಲು ಬಿಟ್ಟಾಗಿಂದ ಅವಳು ಆ ಬಾಗಿಲ ಹತ್ರಾನೂ ಸುಳಿದಿಲ್ಲ. ಮೇಡಂ ಮೊದಲು ಏನು ಕೇಳ್ತಾರೋ ನೋಡೋಣ, ನಾನು ಪಕ್ಕದಲ್ಲೇ ನಿಂತಿರ್ತೀನಿ.

ಕಾರ್ಡಲ್ಲಿ ಜಾಗ ಮುಗೀತು.

ನಿನ್ನ ತಮ್ಮ